ಕೋವಿಯೆಂದು ಘೋಷಿಸಲ್ಪಟ್ಟ ಸರ್ಕಾರಿ ಕಾರು

ಸರ್ಕಾರಿ ಕಾರಿನ ಹಿಂಬದಿಯ ಕೊಳವೆಯಿಂದ ಹೊಗೆ ಬರತಕ್ಕದ್ದು. ಪೆಟ್ರೋಲ್ ವಾಸನೆ ಬರತಕ್ಕದ್ದಲ್ಲ. ಕೊಡಗು ರಾಜ್ಯದ ಮೈಲಿಗಲ್ಲು ಪರಿಶೀಲನಾ ಕಚೇರಿಯಲ್ಲಿ ಈ ನಿಯಮವನ್ನು ಯಾರೂ ಬರೆದಿಟ್ಟಿರಲಿಲ್ಲ. ಮುರಿಯುವವರು ಹುಟ್ಟುವ ತನಕ ನಿಯಮ ಬೇಕೆಂದು ಯಾರಿಗೂ ತೋಚುವುದಿಲ್ಲ. ಆ ವರ್ಷ ಮಳೆ ನಿಂತ ಮೇಲೆ, ಮೈಲಿಗಲ್ಲುಗಳು ಇದ್ದಲ್ಲೇ ಇವೆಯೇ ಎಂದು ನೋಡಲು ಕಚೇರಿಯ ಕಾರು ಹೊರಟಾಗ ಅದರ ಹಿಂದೆ ಪೆಟ್ರೋಲ್ ವಾಸನೆಯೂ ಹೊರಟಿತು. ಮಡಿಕೇರಿ ಪೇಟೆಯಲ್ಲಿ ಬೀಡಿ ಸೇದುತ್ತಿದ್ದವರು ಕಾರು ಕಂಡೊಡನೆ ಬೀಡಿ ಆರಿಸಿ ಎದ್ದು ನಿಂತರು. ಅದನ್ನು ಗೌರವವೆಂದು ತಿಳಿದು ಅಧಿಕಾರಿ ಬೋಜಪ್ಪನವರು ಕೈಯೆತ್ತಿದರು.

ಪೆಟ್ರೋಲಿನ ಖರ್ಚೂ ಏರಿತ್ತು. ಖರ್ಚು ಏರಿದರೆ ಕಳ್ಳನಿರಬೇಕು, ಕಳ್ಳನಿದ್ದರೆ ಅವನು ಡ್ರೈವರೇ ಆಗಿರಬೇಕು ಎಂಬುದು ಇಲಾಖೆಯ ತರ್ಕ. ಡ್ರೈವರ್ ಸಣ್ಣಸ್ವಾಮಿ ಹಾಸನದ ಕಡೆಯಿಂದ ಬಂದು ಕುಶಾಲನಗರದ ಬಳಿ ನೆಲೆ ನಿಂತವನು, ಇನ್ನೂ ಖಾಯಂ ಆಗಿರಲಿಲ್ಲ. "ವಾಸನೆಗೆ ತಕ್ಕ ಕಾರಣ ದೊರೆಯದಿದ್ದಲ್ಲಿ ಚಾಲಕನನ್ನೇ ಕಾರಣವೆಂದು ಭಾವಿಸಿ ಸೇವೆಯಿಂದ ಬಿಡುಗಡೆ ಮಾಡತಕ್ಕದ್ದು" ಎಂದು ಆದೇಶವಾಯಿತು. ಬಿಡುಗಡೆ ಎಂಬ ಮಾತು ಜೈಲಿನಲ್ಲಿರುವವರಿಗೆ ಮಾತ್ರ ಸಿಹಿ.

"ಕದ್ದಿದ್ರೆ ಮನೇಲಿ ಒಂದು ಬಾಟ್ಲಿಯಾದ್ರೂ ಇರ್ತಿತ್ತು," ಎಂದಳು ಅವನ ಹೆಂಡತಿ ನಿಂಗಮ್ಮ. "ನಾನು ಬುಡ್ಡಿಗೆ ಸೀಮೆಎಣ್ಣೆ ಬೇಕಂದ್ರೂ ಪಕ್ಕದ ಮನೆಗೆ ಹೋಗ್ತೀನಿ."

ಕಾರಣ ಹುಡುಕಲು ಕಾರನ್ನು ಗೋಣಿಕೊಪ್ಪಲಿನ ಮೆಕ್ಯಾನಿಕ್ ನಾಣಯ್ಯನಲ್ಲಿಗೆ ಒಯ್ಯಲಾಯಿತು. ನಾಣಯ್ಯ ಬಾನೆಟ್ ಎತ್ತಲೂ ಇಲ್ಲ. ಮುಂದಿನ ಸೀಟಿನ ಎದುರು ಹೊರಗೆ ಚಾಚಿಕೊಂಡಿದ್ದ ಗುಂಡಿಯನ್ನು ತೋರಿಸಿದ. ಅದಕ್ಕೆ ಬೋಜಪ್ಪನವರ ಎಲೆಅಡಿಕೆ ಚೀಲ ನೇತುಬಿದ್ದಿತ್ತು.

"ಇದು ಚೋಕ್ ಸಾರ್. ಬೆಳಗ್ಗೆ ಚಳಿಯಲ್ಲಿ ಎಂಜಿನ್ ಸ್ಟಾರ್ಟ್ ಮಾಡ್ಲಿಕ್ಕೆ ಎಳೆಯೋದು, ಆಮೇಲೆ ಒಳಗೆ ತಳ್ಳಬೇಕು. ಎಳೆದೇ ಬಿಟ್ಟರೆ ಪೆಟ್ರೋಲ್ ಜಾಸ್ತಿ ಹೋಗಿ, ಅರ್ಧ ಉರಿಯದೆ ಹಿಂದಿನಿಂದ ಹೊರಗೆ ಬರ್ತದೆ."

"ಒಳಗೆ ತಳ್ಳಿದರೆ ಚೀಲ ಎಲ್ಲಿ ಹಾಕೋದು?" ಎಂದು ಬೋಜಪ್ಪನವರು ಕೇಳಿದರು.

ನಾಣಯ್ಯ ಯೋಚಿಸಿ, ಅದು ಮೆಕ್ಯಾನಿಕ್ ಕೆಲಸ ಅಲ್ಲ ಎಂದ. ಸಣ್ಣಸ್ವಾಮಿ ಬಾಯಿ ತೆರೆದ. ಖಾಯಂ ಆಗದವರು ತೆರೆದ ಬಾಯನ್ನು ಹಾಗೇ ಮುಚ್ಚುವುದು ಪದ್ಧತಿ. ಅಧಿಕಾರಿಯ ಚೀಲ ಕಾರಣವಾಗಲು ನಿಯಮದಲ್ಲಿ ಅವಕಾಶವಿಲ್ಲದ್ದರಿಂದ "ತಕ್ಕ ಕಾರಣ ದೊರೆಯಲಿಲ್ಲ" ಎಂದು ತೀರ್ಮಾನವಾಯಿತು. ಶ್ರೀಮಂಗಲದ ಕಡೆಯ ಕಲ್ಲುಗಳನ್ನು ನೋಡಿ ಮಡಿಕೇರಿಗೆ ಮರಳಿದೊಡನೆ ಸಣ್ಣಸ್ವಾಮಿಯ ಕೆಲಸ ಹೋಗುವುದಿತ್ತು. ಬಡಪಾಯಿ, ಕಾರನ್ನು ಆದಷ್ಟು ನಿಧಾನವಾಗಿ ಓಡಿಸಿದ.

ಶ್ರೀಮಂಗಲದ ಹತ್ತಿರ ಇಳಿಜಾರಿನಲ್ಲಿ, ತಂಗಮ್ಮ ಎಂಬ ಹಿರಿಯರ ಮನೆಯ ಎದುರು, ಕೊಳವೆಯಲ್ಲಿ ಕೂಡಿಕೊಂಡಿದ್ದ ಪೆಟ್ರೋಲಿಗೆ ಬೆಂಕಿ ತಾಗಿ ಕಾರು ಎರಡು ಸಲ ಢಂ ಎಂದಿತು. ಕೊಡಗಿನಲ್ಲಿ ಮನೆಯೆದುರು ಒಂದು ಗುಂಡು ಹಾರಿದರೆ ಗಂಡು ಹುಟ್ಟಿತೆಂದು ಅರ್ಥ. ಬೆನ್ನುಬೆನ್ನಿಗೆ ಎರಡು ಹಾರಿದರೆ ಸಾವು. ಊರವರು ಕಾಫಿ ಪಿಕಿಂಗ್ ನಿಲ್ಲಿಸಿ, ಬಿಳಿ ಬಟ್ಟೆ ಉಟ್ಟು ಓಡಿಬಂದರು. ತಂಗಮ್ಮ ಜಗಲಿಯಲ್ಲಿ ಕಾಳುಮೆಣಸು ಆರಿಸುತ್ತಿದ್ದರು.

"ಎಂತ ಆಯ್ತು? ಯಾರು ಹೋದದ್ದು?" ಎಂದರು.

"ನೀವೇ ಅಂತ ಬಂದೆವು ಅಜ್ಜಿ," ಎಂದು ಬಂದವರು ಅಳತೊಡಗಿದರು. ಇಷ್ಟು ಜನ ಅಳುವಾಗ ತಂಗಮ್ಮನವರಿಗೂ ಸಂಶಯ ಬಂದು, ನಾಡಿ ಹಿಡಿದು ನೋಡಿಕೊಂಡರು. ಅದು ಓಡುತ್ತಿತ್ತು.

"ಹಾಗಾದರೆ ಗುಂಡು ಹಾರಿಸಿದ್ದು ಯಾರು?"

ಎಲ್ಲರೂ ಕಾರನ್ನು ತೋರಿಸಿದರು. ತಂಗಮ್ಮ ಕೆಳಗಿಳಿದು ಬಂದು ಕೊಳವೆಯನ್ನು ಮೂಸಿದರು. ಅವರ ಮನೆಯ ಗೋಡೆಯಲ್ಲೂ ಕೋವಿ ಇತ್ತು, ಕಾನೂನು ತಿಳಿದವರು. ಸಣ್ಣಸ್ವಾಮಿಯ ಊರು ಕೇಳಿಕೊಂಡು ಎಂದರು: "ನಮಗಾದರೆ ವಂಶದಿಂದ ಬಂದ ಜಮ್ಮಾ ಭೂಮಿ ಉಂಟು, ಅದಿದ್ದವರ ಕೋವಿಗೆ ಲೈಸೆನ್ಸ್ ಬೇಡ. ಈ ಹಾಸನದವನಿಗೆ ಲೈಸೆನ್ಸ್ ಉಂಟಾ?"

ಬೋಜಪ್ಪನವರು ತಟ್ಟನೆ ಕಾರು ಹತ್ತಿದರು. ಪೆಟ್ರೋಲ್ ಕಳ್ಳತನ ಸಣ್ಣಸ್ವಾಮಿಯ ತಲೆಗೆ ಹೋಗುತ್ತಿತ್ತು; ಪರವಾನಗಿಯಿಲ್ಲದವನ ಕೈಗೆ ಕೋವಿ ಕೊಟ್ಟದ್ದು ಕೊಟ್ಟವರ ತಲೆಗೇ ಬರುವಂಥದು. ಮಡಿಕೇರಿಗೆ ಬಂದವರೇ ಮೂರು ಇಲಾಖೆಗಳ ಅಭಿಪ್ರಾಯ ತರಿಸಿ ಹೊಸ ಪ್ರಕಟಣೆ ಹೊರಡಿಸಿದರು:

"ಸದರಿ ವಾಹನವು ಕೊಳವೆಯುಳ್ಳದ್ದೂ, ಶಬ್ದ ಮಾಡುವಂಥದ್ದೂ, ಅದನ್ನು ಕೇಳಿ ಜನ ಅಳುವಂಥದ್ದೂ ಆಗಿರುವುದರಿಂದ ಕೋವಿಯೆಂದು ಪರಿಗಣಿಸಲಾಗಿದೆ. ಕೋವಿಯ ಕೊಳವೆಯಿಂದ ವಾಸನೆ ಬರುವುದು ಸಹಜ, ಆದುದರಿಂದ ದೋಷವಿಲ್ಲ. ದೋಷವಿಲ್ಲದ್ದರಿಂದ ಕಳ್ಳತನವಿಲ್ಲ. ಇನ್ನು ಮುಂದೆ ವಾಹನವನ್ನು ಜಮ್ಮಾ ಹಕ್ಕುಳ್ಳ ಅಧಿಕಾರಿಯೇ ಹಿಡಿಯತಕ್ಕದ್ದು. ಚಾಲಕನು ಅದರಿಂದ ಸುರಕ್ಷಿತ ದೂರದಲ್ಲಿ, ಅಂದರೆ ಹಿಂದಿನ ಸೀಟಿನಲ್ಲಿ, ಕುಳಿತಿರತಕ್ಕದ್ದು."

ಬೋಜಪ್ಪನವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಆದೇಶದಲ್ಲಿ ಹಿಡಿಯಬೇಕೆಂದಿತ್ತೇ ಹೊರತು ಓಡಿಸಲು ಕಲಿಯಬೇಕೆಂದಿರಲಿಲ್ಲ. ಸೋಮವಾರಪೇಟೆ ರಸ್ತೆಯಲ್ಲಿ ಕಾರು ಎರಡು ಮೈಲಿಗಲ್ಲುಗಳಿಗೆ ಗುದ್ದಿತು. ಅವು ಗಟ್ಟಿಯಾಗಿವೆಯೆಂದು ಪರಿಶೀಲನಾ ವರದಿ ಹೋಯಿತು. ಹಿಂದೆ ಕುಳಿತವನೇ ಸಾಹೇಬನೆಂದು ಜನ ಸಣ್ಣಸ್ವಾಮಿಗೆ ಅರ್ಜಿ ಕೊಡತೊಡಗಿದರು. ಅವನು "ನೋಡೋಣ" ಎಂದು ತೆಗೆದಿಟ್ಟುಕೊಳ್ಳುತ್ತಿದ್ದ. ಬೋಜಪ್ಪನವರೂ ಇಷ್ಟು ವರ್ಷ ಅದನ್ನೇ ಮಾಡಿದ್ದರಿಂದ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ಮುಂದಿನ ವರ್ಷ, ಆಯುಧಗಳನ್ನು ಪೂಜಿಸುವ ಕೈಲುಮುಹೂರ್ತದ ದಿನ, ಕೋವಿಗಳ ಸಾಲಿನಲ್ಲಿ ಕಾರನ್ನೂ ನಿಲ್ಲಿಸಿ, ಕೊಳವೆಗೆ ಹೂ ಸಿಕ್ಕಿಸಿ ಪೂಜೆ ಮಾಡಿದರು. ನಾಣಯ್ಯನೂ ಬಂದು ಕೈಮುಗಿದ.

ಹಿಂದಿನ ಸೀಟು ಆದೇಶದಲ್ಲೇ ಇದ್ದುದರಿಂದ, ಪ್ರಕಟಣೆ ಹೊರಟ ವಾರವೇ ಸಣ್ಣಸ್ವಾಮಿಯನ್ನು ಖಾಯಂ ಮಾಡಿದ್ದರು. ಅಂದು ಸಂಜೆ ಮನೆಗೆ ಬಂದವನನ್ನು ನಿಂಗಮ್ಮ ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು.

"ಕೆಲಸ ಉಳೀತಾ?"

"ಉಳೀತು. ಖಾಯಂ ಆಯ್ತು."

"ಕಾರು ಯಾರು ಓಡಿಸ್ತಾರೆ?"

"ಸಾಹೇಬ್ರು."

"ಮತ್ತೆ ನೀವು?"

"ನಾನು ಏನೂ ಮುಟ್ಟಂಗಿಲ್ಲ. ಹಿಂದೆ ಕೂತಿರ್ಬೇಕು, ಅಷ್ಟೆ."

ನಿಂಗಮ್ಮನ ಕಣ್ಣು ತುಂಬಿ ಬಂತು. "ಸದ್ಯ," ಎಂದಳು, "ಇಷ್ಟು ದಿನ ಡ್ರೈವರ್ ಕೆಲಸ ಮಾಡ್ತಿದ್ರಿ. ಈಗ ಸರ್ಕಾರಿ ಕೆಲಸ ಸಿಕ್ತು."