ನಾಲ್ಕು ಬೆರಳಿನ ಸಸಿ

ಷಣ್ಮುಖಪ್ಪನಿಗೆ ಸಿಟ್ಟು ಬರಲು ಕಾರಣವೇ ಬೇಕೆಂದಿರಲಿಲ್ಲ. ಆದರೆ ಅವತ್ತು ಕಾರಣವೂ ಇತ್ತು. ಹಿಂದಿನ ಸಂಜೆ ಹೊನ್ನಾಳಿ ದಾರಿಯ ನರ್ಸರಿಯಿಂದ ಬಂದಿಳಿದ ಟೊಮೇಟೊ ಟ್ರೇಗಳ ಮೇಲಿನ ಗೋಣಿತಾಟನ್ನು ಬೆಳಿಗ್ಗೆ ಸರಿಸಿದರೆ, ಗೇಣುದ್ದ ಇರಬೇಕಾದ ಸಸಿಗಳು ನಾಲ್ಕು ಬೆರಳೂ ಇರಲಿಲ್ಲ. ಇಪ್ಪತ್ತೆಂಟು ದಿನದ ಸಸಿಗಳಂತೆ!

ಸವಳಂಗದ ಅವನ ಹೊಲದಲ್ಲಿ ಡ್ರಿಪ್ ಪೈಪು ಎಳೆದು, ಸಾಲಿಗೆ ಮಲ್ಚಿಂಗ್ ಪ್ಲಾಸ್ಟಿಕ್ ಹಾಳೆ ಹಾಸಿ, ತೂತು ಕೊರೆದು ಆಗಿತ್ತು. ನಾಟಿ ಕೂಲಿಯ ಗುಂಪು ಕಟ್ಟಿಕೊಂಡಿದ್ದ ಚೌಡಕ್ಕ ಹತ್ತು ಹೆಣ್ಣಾಳುಗಳೊಂದಿಗೆ ಬದುವಿನ ಮೇಲೆ ನಿಂತಿದ್ದಳು. ನಾಳೆಯಿಂದ ಹದಿನೈದು ದಿನ ಆ ಗುಂಪು ಬೇರೆಯವರ ಹೊಲಕ್ಕೆ ಮಾತು ಕೊಟ್ಟಿತ್ತು. ಇವತ್ತು ಒಳ್ಳೆಯ ಸಸಿ ನಾಟಿಯಾಗದಿದ್ದರೆ ಈ ಸಲದ ಬೆಳೆ ಕೈತಪ್ಪಿದಂತೆಯೇ.

ಪಕ್ಕದ ಹೊಲದ ಮಹೇಶ್ವರಪ್ಪ ಹಲ್ಲುಜ್ಜುತ್ತಾ ಬಂದ. "ಏನ್ ಷಣ್ಮುಖಣ್ಣ, ಈ ಸಲ ಕೊತ್ತಂಬರಿ ಹಾಕ್ತಿದೀರಾ?"

"ಟೊಮೇಟೊ ಕಣಯ್ಯಾ!"

"ಹಂಗಾದ್ರೆ ಬೆಲ್ಲದ ನೀರು ಹಾಕ್ರಿ. ಮಧ್ಯಾಹ್ನಕ್ಕೆ ಎದ್ದು ನಿಂತ್ಕಂತಾವೆ."

"ಬೆಲ್ಲ ಬ್ಯಾಡ, ಮಜ್ಜಿಗೆ ಹಾಕ್ರಿ," ಎಂದ ಅವನ ಹಿಂದೆಯೇ ಬಂದ ಪಾಪಣ್ಣ.

"ಎಲ್ಡನ್ನೂ ನೀವೇ ಕುಡ್ದು ಮಲಿಕ್ಕಳ್ರಿ!"

ಷಣ್ಮುಖಪ್ಪನ ಮೈಯೆಲ್ಲ ಉರಿದುಹೋಯಿತು. ಸಾಕ್ಷಿಗೆಂದು ಒಂದು ಟ್ರೇಯನ್ನು ಟಿವಿಎಸ್ ಗಾಡಿಯ ಮುಂದೆ ಇಟ್ಟುಕೊಂಡು, "ನಾನು ಬರೋತನಕ ಯಾರೂ ಮನೆಗೆ ಹೋಗಂಗಿಲ್ಲ!" ಎಂದು ಚೌಡಕ್ಕನ ಮೇಲೆ ಕೂಗಿ ನರ್ಸರಿಗೆ ಹೊರಟ.

ನ್ಯಾಮತಿಯಲ್ಲಿ ಚಹಾಕ್ಕೆಂದು ಗಾಡಿ ನಿಲ್ಲಿಸಿದ್ದೇ ತಪ್ಪಾಯಿತು. ಮುದುಕಿಯೊಬ್ಬಳು ಟ್ರೇಯೊಳಗೆ ಇಣುಕಿ, "ತುಳಸಿ ಹೆಂಗ್ ಕೊಡ್ತಿಯಪ್ಪಾ?" ಎಂದಳು. ಅವನು ಚಹಾ ಕುಡಿಯದೆಯೇ ಗಾಡಿ ಹತ್ತಿದ.

"ಚಳಿ ಯಜಮಾನ್ರೇ, ಅದಕ್ಕೇ ಬೆಳೀಲಿಲ್ಲ," ಎಂದ ನರ್ಸರಿಯ ರಮೇಶ್.

"ಚಳಿ ಆದ್ರೆ ಕಂಬಳಿ ಹೊದಿಸ್ಬೇಕಿತ್ತು! ನಾಕ್ ಬೆರಳಿನ ಸಸಿ ಕಳಿಸಾಕೆ ನಾಚಿಕೆ ಆಗಲ್ವಾ ನಿಂಗೆ?"

ಆ ಕೂಗಿಗೆ ಅಲ್ಲಿದ್ದ ಗಿರಾಕಿಗಳೆಲ್ಲ ಬಗ್ಗಿ ತಮ್ಮ ತಮ್ಮ ಸಸಿಗಳಿಗೆ ಬೆರಳಿಟ್ಟು ಅಳೆಯತೊಡಗಿದರು. ರಮೇಶ್ ಬೆವರಿದ. "ಕೂಗಬೇಡ್ರಿ ಮಾರಾಯ್ರೇ. ಗೇಣುದ್ದದ ಸಸಿ ಬೇರೆ ಅದಾವೆ, ಆಟೋದಾಗೆ ಕಳಿಸ್ತೀನಿ. ಆದ್ರೆ ಹಳೇವು ಟ್ರೇ ಸಮೇತ ವಾಪಸ್ ಬರ್ಬೇಕು, ಆಮೇಲೇನೇ ಹೊಸವು ಇಳ್ಸೋದು."

ಗೆದ್ದರೂ ಷಣ್ಮುಖಪ್ಪನ ಸಿಟ್ಟು ಇಳಿಯಲಿಲ್ಲ. ಆಟೋ ಸಿಕ್ಕಿ ಸಸಿ ತುಂಬುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಹಿಂದೆ ಬರುತ್ತಿದ್ದ ಲಗೇಜ್ ಆಟೋದವನನ್ನು ದಾರಿಯುದ್ದಕ್ಕೂ ಬೈಯುತ್ತಲೇ ನಾಲ್ಕು ಗಂಟೆಗೆ ಹೊಲ ಮುಟ್ಟಿದ.

ಬದುವಿನ ಮೇಲೆ ಖಾಲಿ ಟ್ರೇಗಳು ಒಂದರ ಮೇಲೊಂದು ಕೂತಿದ್ದವು. ಮಲ್ಚಿಂಗ್ ಹಾಳೆಯ ಒಂದೊಂದು ತೂತಿನಲ್ಲೂ ಒಂದೊಂದು ಗಿಡ್ಡ ಸಸಿ ನಿಂತಿತ್ತು.

"ಯಾರು ನೆಡಾಕೆ ಹೇಳಿದ್ದು?" ಬೆಳಿಗ್ಗೆಯಿಂದ ಕೂಗಿ ಕೂಗಿ ಗಂಟಲು ಕಟ್ಟಿ, ಮಾತು ಅರ್ಧಕ್ಕರ್ಧ ಗಾಳಿಯಾಗಿ ಹೊರಬಂತು.

"ಯಾರ್ ಹೇಳ್ಬೇಕಣ್ಣ? ಬದುವಿನ ಮ್ಯಾಲೆ ಸುಮ್ನೆ ಕೂತು ಕೂಲಿ ಇಸ್ಕಳಾಕೆ ನಮಗೇನು ಮಾನ ಮರ್ಯಾದಿ ಇಲ್ವಾ?" ಎಂದಳು ಚೌಡಕ್ಕ.

ಆಟೋದವನು ಖಾಲಿ ಟ್ರೇಗಳನ್ನು ನೋಡಿದ. "ಕಿತ್ತು ಕೊಡ್ತೀನಿ ಇರಪ್ಪಾ," ಎಂದು ಷಣ್ಮುಖಪ್ಪ ಅಂಗಲಾಚಿದ. "ಮಣ್ಣಿಗೆ ಬಿದ್ದಿದ್ದು ವಾಪಸ್ ತಗಳಲ್ಲ ಕಣ್ರೀ," ಎಂದವನೇ ಅವನು ಗೇಣುದ್ದದ ಸಸಿಗಳ ಸಮೇತ ಆಟೋ ತಿರುಗಿಸಿಕೊಂಡು ಹೋದ.

ಚೌಡಕ್ಕ ಕೈಗೆ ಮೆತ್ತಿದ್ದ ಮಣ್ಣು ಕೊಡವುತ್ತಾ ಆಟೋ ಹೋದ ದಾರಿಯನ್ನೇ ನೋಡಿದಳು.

"ಇನ್ನೂ ಬೆಳಕೈತೆ ಅಣ್ಣ. ಬೇರೆ ಏನಾದ್ರೂ ನೆಡಾದಿದ್ರೆ ಹೇಳ್ರಿ, ನೆಟ್ಟೇ ಹೋಗ್ತೀವಿ."