ಮಡಕೆಗೆ ಹಾಕಿದ ಹೆಪ್ಪು

ಸರಸ್ವತಿಪುರಂನ ಆ ರಸ್ತೆಯಲ್ಲಿ ವಾಸನೆ ಎದ್ದ ದಿನ ಬೆಟ್ಟದ ಮೇಲಿನ ನಂದಿಯೂ ಅರೆಗಳಿಗೆ ಮೂಗನ್ನು ಆಚೆ ತಿರುಗಿಸಿತ್ತು. ನಂಬದವರು ನಂದಿಯನ್ನೇ ಕೇಳಿಕೊಳ್ಳಲಿ. ಇಷ್ಟಕ್ಕೆಲ್ಲ ಕಾರಣ ಒಂದು ಲೀಟರ್ ಮೊಸರು.

ಮೃತ್ಯುಂಜಯನಿಗೆ ಬೆಳಗಿನ ನಿದ್ದೆಯೆಂದರೆ ಪ್ರಾಣ. ಆರು ಗಂಟೆಗೆ ಕಸದ ಗಾಡಿಯ ಸೀಟಿ ಕೇಳಿ, ಹಸಿ ಕಸದ ಬಕೆಟ್ ಹಿಡಿದು ಗೇಟಿಗೆ ಓಡುವುದು ಅವನಿಗೆ ಗಲ್ಲಿಗೇರುವುದಕ್ಕಿಂತ ಒಂದು ಗುಲಗಂಜಿ ಹೆಚ್ಚಿನ ಶಿಕ್ಷೆ. ಅದಕ್ಕೇ ಮೂರಂತಸ್ತಿನ ಗೊಬ್ಬರದ ಮಡಕೆ ತಂದಿದ್ದ. ಸೊಪ್ಪು ಸಿಪ್ಪೆಯೆಲ್ಲ ಅದರೊಳಗೇ ಕೊಳೆತು ಗೊಬ್ಬರವಾಗುತ್ತದೆ, ಗಾಡಿಯ ಹಂಗಿಲ್ಲ. "ಮೊದ್ಲು ಒಂಚೂರು ಹೆಪ್ಪು ಹಾಕ್ಬುಡಿ ಸಾರ್" ಎಂದಿದ್ದ ಅಂಗಡಿಯವನು. ಚೂರೇಕೆ ಎಂದು ಮೃತ್ಯುಂಜಯ ಒಂದು ಲೀಟರ್ ಗಟ್ಟಿ ಮೊಸರು ಸುರಿದು, ಮುಚ್ಚಳ ಬಿಗಿದು, ಎಂಟು ದಿನವೂ ಎಂಟು ಗಂಟೆಯವರೆಗೆ ಮಲಗಿದ.

ಒಂಬತ್ತನೆಯ ದಿನ ಭಾನುವಾರ. ಹೆಂಡತಿ ನೀಲಮ್ಮ ಮೂಗಿಗೆ ಸೆರಗು ಕಟ್ಟಿಕೊಂಡೇ ಕಾಫಿ ತಂದಳು.

"ಸಂಜೆಯೊಳಗೆ ಈ ನಾತ ಹೋಗ್ಲಿಲ್ವೋ, ಮಡಕೆ ಆಚೆಗೆ. ನಾಳೆ ಆರು ಗಂಟೆಗೆ ನೀವು ಬಕೆಟ್ ಹಿಡ್ಕೊಂಡು ಗೇಟಲ್ಲಿ."

ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ರುದ್ರಸ್ವಾಮಿ ಬಂದರು. "ಹೆಗ್ಗಣ ಸತ್ತಿದೆ ಕಣಯ್ಯ. ನಲವತ್ತು ವರ್ಷ ಹುಡುಗ್ರ ಊಟದ ಡಬ್ಬಿ ಪತ್ತೆ ಹಚ್ಚಿದ ಮೂಗು ಇದು."

"ನಂಗೂ ಹೆಗ್ಗಣಾನೇ ಅನ್ಸ್ತು ಸಾರ್," ಎಂದ ಮೃತ್ಯುಂಜಯ ಥಟ್ಟನೆ.

ಆರು ಮನೆಯವರು ಸೇರಿದರು. ಅಟ್ಟದ ಸಾಮಾನು ಅಂಗಳಕ್ಕಿಳಿಯಿತು, ಸಂಪಿನ ಮುಚ್ಚಳ ಎದ್ದಿತು. ಮೇಷ್ಟ್ರು ಚರಂಡಿ ಪೈಪಿಗೆ ತೋಳು ತೂರಿಸಿ ಸಿಕ್ಕಿಕೊಂಡರು. ಹಲಸಿನ ತೊಳೆ ಬಿಡಿಸಿದಂತೆ ಅವರನ್ನು ಬಿಡಿಸಲು ನಾಲ್ಕು ಜನ ಬೇಕಾಯಿತು. ಮೃತ್ಯುಂಜಯನೇ ಮುಂದಾಳು. ಮಡಕೆ ಯಾವ ದಿಕ್ಕಿಗಿತ್ತೋ ಅದರ ಎದುರು ದಿಕ್ಕಿಗೆ ಎಲ್ಲರನ್ನೂ ನಡೆಸುತ್ತಿದ್ದ.

ಎದುರು ಮನೆಯ ಚಾಮುಂಡೇಶ್ವರಿ ತಾರಸಿಯಲ್ಲಿ ಬದನೆ ಬೆಳೆಯುವ ಹೆಂಗಸು. ಯಾರ ಹಿಂದೆಯೂ ಹೋಗದೆ ನೇರವಾಗಿ ಮಡಕೆಯ ಹತ್ತಿರ ನಡೆದು ಮುಚ್ಚಳ ಎತ್ತಿದಳು. ಎದ್ದ ಹಬೆಗೆ ತಂತಿಯ ಮೇಲಿನ ಕಾಗೆಯೊಂದು ತಲೆ ತಿರುಗಿ ಗೋಕುಲಂವರೆಗೆ ಹಿಮ್ಮುಖವಾಗಿ ಹಾರಿತು.

"ಏನ್ ಹಾಕಿದ್ರಿ ಇದಕ್ಕೆ?"

"ಹೆಪ್ಪು."

"ಯಾವ ಹೆಪ್ಪು?"

"ಮೊಸ್ರು."

"ಶಿವನೆ, ಗೊಬ್ಬರಕ್ಕೆ ಹೆಪ್ಪು ಅಂದ್ರೆ ಒಂದ್ ಹಿಡಿ ಹಳೇ ಗೊಬ್ಬರ ಕಣ್ರೀ."

"ಒಗ್ಗರಣೆ ಒಂದು ಬಾಕಿ ನೋಡಮ್ಮ," ಎಂದರು ಮೇಷ್ಟ್ರು ತೋಳು ನೀವಿಕೊಳ್ಳುತ್ತ.

ಬೈದದ್ದು ಮುಗಿದ ಮೇಲೆ ಎಲ್ಲರೂ ಕೈ ಹಾಕಿದರು. ಚಾಮುಂಡೇಶ್ವರಿ ಹಳೇ ಗೊಬ್ಬರ ತಂದಳು, ಮೇಷ್ಟ್ರು ಒಣ ಮಾವಿನೆಲೆ, ಉಳಿದವರು ಮರದ ಹೊಟ್ಟು, ತೆಂಗಿನ ನಾರು. ಮೃತ್ಯುಂಜಯ ಅಂಗೈ ಬೊಬ್ಬೆಯೇಳುವವರೆಗೆ ತಿರುವಿದ. ಐದು ಗಂಟೆಗೆ ನೋಡಿದರೆ ನಾತ ಮಾಯ. ನೀಲಮ್ಮ ಸೆರಗು ಬಿಚ್ಚಿ ಎರಡು ಸಲ ಮೂಸಿದಳು.

"ಸರಿ, ಮಡಕೆ ಇರ್ಲಿ ಬಿಡಿ."

ಮೃತ್ಯುಂಜಯ ಮೆಟ್ಟಿಲ ಮೇಲೆ ಕುಸಿದು ಕೂತು, ನಾಳೆಯ ಎಂಟು ಗಂಟೆಯನ್ನು ನೆನೆದು ಕಣ್ಣು ಮುಚ್ಚಿದ. ಆಗ ಮೇಷ್ಟ್ರ ದನಿ ಕೇಳಿಸಿತು.

"ನೀಲಮ್ಮ, ಎಲೆ ನಂದು, ಗೊಬ್ಬರ ಅವರದು, ಹೊಟ್ಟು ಇವರದು. ಅಂದ್ಮೇಲೆ ಮಡಕೆ ನಮ್ಮೆಲ್ಲರದೂ ತಾನೆ? ಆರು ಮನೆ ಹಸಿ ಕಸಾನೂ ಇಲ್ಲಿಗೇ ತಂದ್ಬುಡ್ತೀವಿ."

"ಧಾರಾಳವಾಗಿ ತನ್ನಿ ಮೇಷ್ಟ್ರೆ. ಆದ್ರೆ ನಾನು ವಾಕಿಂಗ್ ಹೊರಡೋಕೆ ಮುಂಚೆ ಬಂದ್ಬುಡಿ, ಬೆಳಿಗ್ಗೆ ಐದೂವರೆಗೆ. ಇಸ್ಕೊಂಡು ತಿರುವೋಕೆ ಇವ್ರು ಗೇಟಲ್ಲೇ ನಿಂತಿರ್ತಾರೆ."