ಸಿಂದಗಿಗೆ ಬಂದ ಸಮುದ್ರದ ಸೊಪ್ಪು

ಸಿಂದಗಿಯಲ್ಲಿ ರಸಾಯನಶಾಸ್ತ್ರ ಕಲಿಸುವವನು ಸಮುದ್ರದ ಕಂದು ಪಾಚಿಯ ಸಂಶೋಧನೆಗೆ ಇಳಿದರೆ ಇಂಥ ಫಜೀತಿಗಳು ನಡೆಯುತ್ತಲೇ ಇರುತ್ತವೆ. ನಮ್ಮ ಕಡೆ ಸಮುದ್ರ ಕಾಣುವುದು ಟಿವಿಯಲ್ಲಷ್ಟೇ. ತಿನ್ನಬಹುದಾದ ಈ ಪಾಚಿಯಲ್ಲಿ ಏನೇನಿದೆ, ಯಾವ ಉದ್ಯಮಕ್ಕೆ ಬಂದೀತು ಎಂಬುದು ನನ್ನ ಚಿಂತೆ. ಮೂವತ್ತು ದಾಟಿದರೂ ಮಗನಿಗೆ ಹೆಣ್ಣು ಸಿಕ್ಕಿಲ್ಲ ಎಂಬುದು ಅವ್ವನ ಚಿಂತೆ. ನಿಜ ಹೇಳಬೇಕೆಂದರೆ ನನ್ನದೂ ಅದೇ.

ಬಸ್ಸು

ಕಾರವಾರದಿಂದ ಒಣಪಾಚಿಯ ಚೀಲ ತರುತ್ತಿದ್ದೆ. ವಿಜಯಪುರ ದಾಟುವಷ್ಟರಲ್ಲಿ ವಾಸನೆಗೆ ನನ್ನ ಸುತ್ತಲಿನ ಸೀಟೆಲ್ಲ ಖಾಲಿ. ಕಂಡಕ್ಟರ್ ಮೂಗು ಮುಚ್ಚಿಕೊಂಡು ಬಂದ.

“ಒಣಮೀನೇನ್ರಿ ಸರ?”

“ಅಲ್ರಿ, ಸಮುದ್ರದ ಪಾಚಿ.”

“ಪಾಚಿ ತರಾಕ ಕಾರವಾರತನಕ ಹೋಗಿದ್ರ್ಯಾ? ದೇವರ ಹಿಪ್ಪರಗಿಯೊಳಗ ಇಳೀರಿ, ನಮ್ಮ ಬಾವ್ಯಾಗಿಂದು ಒಂದ ಟ್ರ್ಯಾಕ್ಟರ್ ಒಯ್ರಿ. ಬಾವೀನೂ ಸ್ವಚ್ಛ ಆಕ್ಕೈತಿ!”

ಬೂದಿ

ಪಾಚಿಯನ್ನು ಸುಟ್ಟು ಬೂದಿ ಮಾಡಿದರೆ ಅದರಲ್ಲಿ ಪೊಟ್ಯಾಸಿಯಂ, ಕ್ಯಾಲ್ಸಿಯಂನಂಥ ಲವಣಗಳು ಎಷ್ಟಿವೆ ಎಂದು ತಿಳಿಯುತ್ತದೆ. ಅವ್ವನಿಗೆ ಇದನ್ನು ಹೇಳಿ ಕೆಟ್ಟೆ.

“ತಿನ್ನೂದು ಅಂತಿ, ಮತ್ತ ಸುಡ್ತಿ?”

“ಏನೈತಿ ಅಂತ ಗೊತ್ತಾದ್ರ ಉದ್ಯಮಕ್ಕ ಬರ್ತೈತಿ ಬೇ.”

“ಹಂಗಾರ ವಿಭೂತಿ ಮಾಡಿ ಬಸವನ ಬಾಗೇವಾಡ್ಯಾಗ ಅಂಗಡಿ ಹಾಕು. ಉದ್ಯಮಾನೂ ಆತು, ಹುಡುಗ ಭಾಳ ಭಕ್ತ ಅಂತ ಯಾರರ ಹೆಣ್ಣೂ ಕೊಟ್ಟಾರು!”

ಹಲ್ಲು

ಕೊನೆಗೂ ಮುದ್ದೇಬಿಹಾಳದ ಒಬ್ಬ ಹುಡುಗಿ ನನ್ನನ್ನು ಒಪ್ಪಿದಳು. ನನಗಂತೂ ಅವಳು ತುಂಬಾ ಹಿಡಿಸಿದ್ದಳು. ಅವಳ ಕಡೆಯವರು ನಮ್ಮ ಮನೆ ನೋಡಲು ಬಂದರು. ಪಡಸಾಲೆಗೆ ಕಾಲಿಟ್ಟದ್ದೇ ಹುಡುಗಿಯ ಅಜ್ಜ ಮೂಗು ಅರಳಿಸಿದರು. ಹಾಳಾದ ಪಾಚಿ ಮಾಳಿಗೆ ಮೇಲೆ ಒಣಗುತ್ತಿತ್ತು.

“ಮೀನ ತಿನ್ನೋ ಮನಿಗೆ ನಾವು ಹೆಣ್ಣು ಕೊಡೂದಿಲ್ರಿ,” ಎಂದು ಎದ್ದೇಬಿಟ್ಟರು.

ನಾನು ಹಿಂದೆಯೇ ಓಡಿದೆ. “ಮೀನಲ್ರಿ ಅಜ್ಜಾರ, ಸೊಪ್ಪು. ಇದರಾಗಿಂದ ತಗದ ಪುಡಿ ಐಸ್‌ಕ್ರೀಮಿಗೆ ಹಾಕ್ತಾರ.”

“ನಾ ಐಸ್‌ಕ್ರೀಮ್ ತಿನ್ನೂದಿಲ್ಲ.”

“ಬಟ್ಟಿಗೆ ಬಣ್ಣದ ಅಚ್ಚು ಹೊಡ್ಯಾಕ…”

“ನಾ ಬಿಳಿ ಧೋತರ ಉಡಾಂವ.”

“ಹಲ್ಲು ಕಟ್ಟೂ ಡಾಕ್ಟರು ಅಳತಿ ತೊಗೊಳ್ಳಾಕ ಬಾಯಾಗ ಮೆತ್ತನ ಹಿಟ್ಟು ತುಂಬ್ತಾರಲ್ರಿ, ಅದೂ ಇದರದ!”

ಹೊಸ್ತಿಲತನಕ ಹೋಗಿದ್ದ ಅಜ್ಜ ನಿಂತರು. ಮೆಲ್ಲಗೆ ಬಂದು ಕೂತರು. ಬಾಯಿಂದ ಹಲ್ಲಿನ ಸೆಟ್ಟು ತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಅವ್ವ ಸೆರಗಿನ ತುದಿ ಕಚ್ಚಿ ನಿಂತಿದ್ದಳು.

ಅಜ್ಜ ಸೆಟ್ಟನ್ನು ಮತ್ತೆ ಬಾಯಿಗೆ ಕೂಡಿಸಿಕೊಂಡು ಅವ್ವನ ಕಡೆ ತಿರುಗಿದರು.

“ಮೊಮ್ಮಗಳನ್ನ ಕೊಡ್ತೇನ್ರಿ. ಈ ಸೊಪ್ಪು ಬ್ಯಾಡಂದ್ರ ಹಲ್ಲೂ ಬಿಡಬೇಕು, ಅದು ನನ್ನಿಂದ ಆಗೂದಿಲ್ಲ.”